ಮುಡಿಪಿನ ರೂಪಾಯಿ

ಗಡಿ ದಾಟಿದ ರೂಪಾಯಿ ನಾಣ್ಯದಷ್ಟು ನಿರುಪದ್ರವಿಯೂ ನಿರುಪಯೋಗಿಯೂ ಆದ ವಸ್ತು ಇನ್ನೊಂದಿರಲಾರದು. ಅದನ್ನು ಖರ್ಚು ಮಾಡಲು ಬಾರದು, ಎಸೆಯಲು ಮನಸ್ಸು ಬಾರದು. ಮಸ್ಕತ್ತಿನಲ್ಲಿ ಹೆಂಡತಿಯ ತಮ್ಮನ ಮನೆಗೆ ಅತಿಥಿಗಳಾಗಿ ಹೋದಾಗ ನನ್ನ ಜೇಬಿನಲ್ಲಿ ಅಂಥವು ಎರಡು ಉಳಿದಿದ್ದವು. ನಿವೃತ್ತನಾದ ನನಗೆ ಅವುಗಳ ಮೇಲೆ ಒಂದು ಬಗೆಯ ಸಜಾತೀಯ ಮಮತೆ.

ಅಷ್ಟರಲ್ಲಿ ಲಂಡನ್ನಿನಿಂದ ಫೋನು ಬಂತು. ಅಲ್ಲಿ ಒಬ್ಬಳೇ ಇರುವ ಹೆಂಡತಿಯ ತಂಗಿಗೆ ಹೃದಯದ ಆಪರೇಷನ್ನು. ನಮ್ಮೂರು ಮಾನ್ವಿಗೆ ಮರಳಿ ಅರ್ಜಿ ಹಾಕುವಷ್ಟು ವ್ಯವಧಾನವಿಲ್ಲದ್ದರಿಂದ ಪರಸ್ಥಳದಲ್ಲಿಯೇ ಇಬ್ಬರೂ ತಾತ್ಕಾಲಿಕ ವೀಸಾಕ್ಕೆ ಅಣಿಯಾದೆವು. ಹೆಂಡತಿಯ ಸಿದ್ಧತೆ ಬೇರೆಯದೇ ಆಗಿತ್ತು. ನನ್ನ ಜೇಬಿನಿಂದ ಒಂದು ನಾಣ್ಯ ತೆಗೆದು, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಗಂಟು ಕಟ್ಟಿ, ತಂಗಿಯ ಮುಖ ತೋರಿಸಿದರೆ ತಾನೇ ಬಂದು ಒಪ್ಪಿಸುವೆನೆಂದು ನೀರಮಾನ್ವಿಯ ಯಲ್ಲಮ್ಮನಿಗೆ ಮುಡಿಪಿಟ್ಟಳು.

"ಯಲ್ಲವ್ವನ ಕಾರುಬಾರು ಲಂಡನ್ ತನಕ ನಡೀತದೇನು?" ಎಂದೆ.

"ನಿಮ್ಮ ಪಿಂಚಣಿ ಕಾಗದದ್ದು ನಡೀತದಂದ್ರ ಆಕೀದೂ ನಡೀತದ. ಸುಮ್ನ ಫಾರಮ್ ತುಂಬ್ರಿ."

ವೀಸಾ ಕೇಂದ್ರದ ಕಿಟಕಿಯಲ್ಲಿ ಕೂತಿದ್ದ ಹೈದರಾಬಾದಿನ ಗುಮಾಸ್ತ, ನೀವು ಸ್ವದೇಶಕ್ಕೆ ಮರಳುವಿರೆಂಬುದಕ್ಕೆ ಪುರಾವೆ ಎಲ್ಲಿ ಎಂದು ಕೇಳಿದ. ಮನೆಯ ಖಾತೆ, ಪಿಂಚಣಿ ಆದೇಶ, ಮಲ್ಲಟದ ಹೊಲದ ಪಹಣಿ ಇವನ್ನೆಲ್ಲ ನಾನು ಸಂಧಿಪತ್ರ ಒಪ್ಪಿಸುವ ರಾಯಭಾರಿಯ ಗಾಂಭೀರ್ಯದಿಂದ ಮಂಡಿಸಿದೆ. ಹೆಂಡತಿ ಅವುಗಳ ಮೇಲೆ ಹಳದಿ ಗಂಟನ್ನಿಟ್ಟಳು.

"ಯೇ ಕ್ಯಾ ಹೈ, ಅಮ್ಮಾ?"

"ಮನ್ನತ್, ಬೇಟಾ. ನಾನ ಹೋಗಿ ಒಪ್ಪಸ್ಬೇಕು. ಹರಕಿ ಹೊತ್ತಾಕಿ ಪರದೇಶದಾಗ ಕುಂದ್ರಾಕ ಬರ್ತದೇನು?"

ಅವನು ಗಂಟನ್ನು ಕಣ್ಣಿಗೊತ್ತಿಕೊಂಡು ಹಿಂದಿರುಗಿಸಿ, ಇದನ್ನು ಸ್ಕ್ಯಾನ್ ಮಾಡಲು ಬರುವುದಿಲ್ಲವೆಂದು ವಿಷಾದಿಸಿದ.

ಅವಳಿಗೆ ವೀಸಾ ಬಂತು. ನನ್ನ ಅರ್ಜಿ ತಿರಸ್ಕೃತವಾಗಿತ್ತು: ಅರ್ಜಿದಾರನು ಸ್ವದೇಶಕ್ಕೆ ಮರಳುವನೆಂಬ ಬಗ್ಗೆ ಸಮಾಧಾನವಿಲ್ಲ. ಅವಳು ಗಂಟಿನೊಡನೆ ಲಂಡನ್ನಿಗೆ ಹಾರಿದಳು. ಮರಳುವನೆಂದು ನಂಬಲಾಗದ ನಾನು ಆ ವಾರವೇ ಮರಳಿದೆ.

ರಾಯಚೂರಿನಲ್ಲಿ ಮಾನ್ವಿ ಬಸ್ಸು ಹತ್ತಿದೆ. "ಒಂದ್ ರೂಪಾಯಿ ಚಿಲ್ರಿ ಕೊಡ್ರಿ, ಯಜಮಾನ್ರ," ಎಂದ ಕಂಡಕ್ಟರ್. ಜೇಬಿಗೆ ಕೈ ಹಾಕಿದೆ. ಎರಡನೆಯ ನಾಣ್ಯ ಬೆರಳಿಗೆ ಸಿಕ್ಕಿತು. ಸ್ವದೇಶಕ್ಕೆ ಬಂದದ್ದರಿಂದ ಅದಕ್ಕೆ ಪುನಃ ಬೆಲೆ ಬಂದಿತ್ತು.

"ಇಲ್ಲಪ್ಪಾ," ಎಂದೆ.

ಆಪರೇಷನ್ನು ಸುಸೂತ್ರವಾಗಿದೆಯಂತೆ, ತಂಗಿ ಎದ್ದು ಓಡಾಡುವವರೆಗೆ ಅಕ್ಕ ಅಲ್ಲಿಯೇ. ಇಲ್ಲಿ ದೇವರ ಜಗಲಿಯ ಮೇಲೆ ಇನ್ನೊಂದು ಹಳದಿ ಗಂಟಿದೆ. ಕಟ್ಟಿದವನಿಗೆ ಅಭ್ಯಾಸವಿಲ್ಲದ್ದರಿಂದ ತುಸು ಸಡಿಲ. ಅವಳು ಬಂದ ಮೇಲೆ ಎರಡನ್ನೂ ಕೂಡಿಯೇ ಒಪ್ಪಿಸಬೇಕು. ಅಲ್ಲಿಯವರೆಗೆ ಈ ರೂಪಾಯಿ ಸ್ವದೇಶದಲ್ಲಿಯೂ ಖರ್ಚಾಗುವಂತಿಲ್ಲ.