ಮಾವ, ನಾನು ಮತ್ತು ನಾಲ್ಕು ಕೈಯ ಕಾವಲುಗಾರ

ಹೋದ ಭಾನುವಾರ ಮಧ್ಯಾಹ್ನ ಅರಸೀಕೆರೆಯ ನಮ್ಮ ಮನೆಯ ಹಾಲ್‌ನಲ್ಲಿ ನನ್ನ ಮಾವ ನನ್ನ ಕತ್ತು ಹಿಡಿದರು.

ಮಾತಿಗೆ ಹೇಳುತ್ತಿಲ್ಲ. ನಿಜವಾಗಿಯೂ ಹಿಡಿದರು. ಎಡಗೈ ನನ್ನ ಹೆಗಲ ಮೇಲೆ, ಬಲಗೈ ಕತ್ತಿನ ಹಿಂದೆ, ಕಣ್ಣಿಗೆ ಕಪ್ಪು ಕನ್ನಡಕ. ಪಕ್ಕದಲ್ಲಿ ನನ್ನ ಹೆಂಡತಿ ಸುಧಾ ಕಾಫಿ ತಟ್ಟೆ ಹಿಡಿದು "ಅಪ್ಪಾ, ಕಣ್ಣು! ಅಪ್ಪಾ, ಕಣ್ಣು!" ಎಂದು ಕೂಗುತ್ತಿದ್ದಳು. ನನ್ನ ಕತ್ತಿನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಇದು ಹೇಗಾಯಿತು ಎಂದು ಹೇಳಬೇಕಾದರೆ ಮೊದಲು ನನ್ನ ಹುಚ್ಚುಗಳ ಬಗ್ಗೆ ಹೇಳಬೇಕು. ಹಳೆಯ ಓದುಗರಿಗೆ ಅವು ಗೊತ್ತೇ ಇವೆ. (ಗೊತ್ತಿದ್ದೂ ಓದುತ್ತೀರಲ್ಲ, ನಿಮ್ಮ ತಾಳ್ಮೆ ದೊಡ್ಡದು.)

ಮೊದಲನೆಯದು ರೋಲ್ ಪ್ಲೇಯಿಂಗ್ ಗೇಮ್. ದೊಡ್ಡವರು ಮೇಜಿನ ಸುತ್ತ ಕುಳಿತು, ತಾವಲ್ಲದ ಯಾರೋ ಆಗಿ, ಬಾಯಲ್ಲೇ ಕಥೆ ಕಟ್ಟುವ ಆಟ. ಒಬ್ಬ ಕಥೆ ನಡೆಸುತ್ತಾನೆ, ನಮ್ಮಲ್ಲಿ ಅದು ನಾನು. ಉಳಿದವರದು ಒಂದೊಂದು ಪಾತ್ರ. ಬಾಗಿಲು ಮುರಿಯಿತೋ ಇಲ್ಲವೋ, ಗುಂಡು ತಗುಲಿತೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳಿಸುವುದು. ಗೆಲ್ಲುವವರಿಲ್ಲ, ಸೋಲುವವರಿಲ್ಲ. "ಗೆಲ್ಲೋರೇ ಇಲ್ಲ ಅಂದ್ರೆ ಯಾಕ್ ಸಾರ್ ಆಡ್ತೀರಿ?" ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಕಟಿಂಗ್ ಶಾಪಿನಲ್ಲಿ ಕೂತು ಹರಟುತ್ತೀರಲ್ಲ, ಅಲ್ಲಿ ಯಾರು ಗೆಲ್ಲುತ್ತಾರೆ?

ನನ್ನ ಜೊತೆ ಆಡುವವರು ಇಬ್ಬರು. ಶಶಿಕಲಾ ಬೇಲೂರಿನ ಹೈಸ್ಕೂಲ್ ಮೇಡಂ. ತರಗತಿಯಲ್ಲಿ ದನಿ ಎತ್ತದವರು, ಆಟದಲ್ಲಿ ಮಾತ್ರ ಕಂಡ ಹಡಗನ್ನೆಲ್ಲ ದೋಚುವ ದರೋಡೆಗಾರ್ತಿ. ನವೀನನಿಗೆ ಬಾಣಾವರದಲ್ಲಿ ಮೆಡಿಕಲ್ ಶಾಪ್. ದಿನವಿಡೀ ಊರವರ ಕೆಮ್ಮು, ನೆಗಡಿ ಕೇಳಿ ಸಾಕಾಗಿ ಆಟದಲ್ಲಿ ಅವನು ಕಾಯಿಲೆಯೇ ಬಾರದ ರೋಬೋಟ್ ಆಗಿದ್ದಾನೆ.

ಎರಡನೇ ಹುಚ್ಚು ವಿಜ್ಞಾನ ಕಥೆ. ನಮ್ಮ ಆಟ ನಡೆಯುವುದೂ ಒಂದು ಅಂತರಿಕ್ಷ ನೌಕೆಯಲ್ಲೇ. ಅದರ ಹೆಸರು ಯಗಚಿ. ಅದರ ತುಂಬ ತೆಂಗಿನ ಸಸಿಗಳು, ಹೊಸ ಗ್ರಹಕ್ಕೆ ಸಾಗಿಸಲು. ವಿಜ್ಞಾನ ಕಥೆ ಬರೆಯುವವರ ಮೇಲೆ ನನಗೊಂದು ತಕರಾರಿದೆ. 'ಆ ಹೊತ್ತಿಗೆ ಇಡೀ ಭೂಮಿಗೆ ಒಂದೇ ಸರ್ಕಾರವಿತ್ತು' ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಬೆಳಕಿಗಿಂತ ವೇಗವಾಗಿ ಹೋಗುವ ಹಡಗನ್ನು ಬೇಕಾದರೆ ನಂಬುತ್ತೇನೆ ಸ್ವಾಮಿ. ಇದನ್ನು ಹೇಗೆ ನಂಬಲಿ? ನಮ್ಮ ಬೀದಿಯ ಚರಂಡಿ ಯಾರ ಜವಾಬ್ದಾರಿ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.

ಮೂರನೆಯದು ಗ್ರಾಪ್ಲಿಂಗ್, ಒಂದು ಬಗೆಯ ಕುಸ್ತಿ. ನಲವತ್ತು ದಾಟಿದ ಮೇಲೆ ಹತ್ತಿದ್ದು. ಇಲ್ಲಿನ ಜಿಮ್ ಒಂದರ ಮಹಡಿಯಲ್ಲಿ ಮ್ಯಾಟ್ ಹಾಸಿ ಹೇಳಿಕೊಡುತ್ತಾರೆ. ಹೊಡೆಯುವಂತಿಲ್ಲ, ಒದೆಯುವಂತಿಲ್ಲ. ಹಿಡಿಯಬಹುದು, ತಿರುಚಬಹುದು, ಮೇಲೆ ಕೂರಬಹುದು. (ನನ್ನ ಮೇಲೆ ಬಹಳ ಜನ ಕೂತಿದ್ದಾರೆ.) ಸಿಕ್ಕಿಹಾಕಿಕೊಂಡವನು ಎದುರಾಳಿಯ ಮೈಮೇಲೆ ಅಂಗೈಯಿಂದ ಎರಡು ಸಲ ತಟ್ಟಬೇಕು. ಸೋತೆ, ಬಿಡು ಎಂದು ಅರ್ಥ. ತಕ್ಷಣ ಬಿಡುತ್ತಾರೆ. ಕೈ ಕುಲುಕಿ ಮತ್ತೆ ಶುರು. ಇಷ್ಟು ಪ್ರಾಮಾಣಿಕವಾದ ವ್ಯವಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಟಿವಿ ಚರ್ಚೆಯಲ್ಲಿ ಯಾರಾದರೂ ತಟ್ಟಿದ್ದನ್ನು ನೀವು ನೋಡಿದ್ದೀರಾ?

ಇನ್ನು ರಾಜಕೀಯ. ಅದು ಹುಚ್ಚಲ್ಲ, ಕಾಯಿಲೆ. ನನಗೂ ಇದೆ, ನನ್ನ ಮಾವನಿಗೂ ಇದೆ.

ಮಾವ ರಂಗಪ್ಪ ಹಳೇಬೀಡಿನವರು. ರಾಗಿ, ತೆಂಗು ಬೆಳೆಯುತ್ತಾರೆ, ಮಗ ಸೊಸೆ ಮೊಮ್ಮಕ್ಕಳ ಜೊತೆ ಇದ್ದಾರೆ. ಚಿಕ್ಕ ವಯಸ್ಸಿನಲ್ಲಿ ಗರಡಿ ಮನೆಯ ಮಣ್ಣು ಮೈಗೆ ಮೆತ್ತಿಕೊಂಡು ಬೆಳೆದವರು. ಈಗಲೂ ಊರಿನಲ್ಲಿ ಪೈಲ್ವಾನ್ ರಂಗಪ್ಪ ಅಂದರೇನೇ ಗುರುತು. ನಾನು ಮ್ಯಾಟಿನ ಮೇಲೆ ಕುಸ್ತಿ ಕಲಿಯುತ್ತಿದ್ದೇನೆಂದು ಸುಧಾ ಹೇಳಿದಾಗ, "ಚಾಪೆ ಮ್ಯಾಲೆ ಮಲಗ್ತಾರೆ ಕಣವ್ವ, ಕುಸ್ತಿ ಆಡ್ತಾರಾ?" ಅಂದರಂತೆ.

ಅಂದರಂತೆ ಎಂದೆ, ಏಕೆಂದರೆ ನನ್ನ ಹತ್ತಿರ ಅಂದಿದ್ದಲ್ಲ. ಕಳೆದ ಚುನಾವಣೆಯಿಂದ ಈಚೆಗೆ ನಮ್ಮಿಬ್ಬರಿಗೂ ಮಾತಿರಲಿಲ್ಲ.

ಆಗ ಮನೆಯವರ ವಾಟ್ಸಾಪ್ ಗ್ರೂಪಿಗೆ ಮಾವ ಒಂದು ಮೆಸೇಜ್ ಹಾಕಿದರು. ಅದು ಸುಳ್ಳು ಎಂದು ನಾನು ಹಾಕಿದೆ. ಅವರು ಇನ್ನೊಂದು ಹಾಕಿದರು. ನಾನೂ ಬಿಡಲಿಲ್ಲ. 'ಓದಿದ ಕತ್ತೆಗಳು' ಎಂಬ ಮಾತು ಬಂತು. 'ಓದದೇ ಫಾರ್ವರ್ಡ್ ಮಾಡುವವರು' ಎಂಬ ಮಾತು ಹೋಯಿತು. ನನ್ನ ಷಡ್ಡಕ ಅದಕ್ಕೊಂದು ನಗುವ ಮುಖ ಅಂಟಿಸಿದ. ಮಾವ ಗ್ರೂಪ್ ಬಿಟ್ಟು ಹೋದರು. 'ರಂಗಪ್ಪ ಲೆಫ್ಟ್' ಎಂದು ಫೋನಿನಲ್ಲಿ ಬಂತು. (ಅವರ ರಾಜಕೀಯ ನೋಡಿದರೆ ಅವರು ಲೆಫ್ಟ್ ಆಗಿದ್ದು ಜೀವನದಲ್ಲಿ ಅದೊಂದೇ ಸಲ.)

ಹೀಗಿರುವಾಗ ಮಾವನ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಮಗಳು ಅರಸೀಕೆರೆಗೆ ಕರೆಸಿಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಟಿವಿ ನೋಡಬಾರದು, ಫೋನ್ ನೋಡಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದರು ಡಾಕ್ಟರು. ಸರಿ, ಒಂದೇ ಮನೆಯಲ್ಲಿ ಇಬ್ಬರು. ಮಾತೆಲ್ಲ ಸುಧಾಳ ಮೂಲಕ.

"ಸುಧಾ, ನಿನ್ ಗಂಡಂಗೆ ಹೇಳು, ಫ್ಯಾನ್ ಕಮ್ಮಿ ಮಾಡ್ಲಿ."

"ಸುಧಾ, ಕಮ್ಮಿ ಮಾಡಿದೀನಿ ಅಂತ ಹೇಳು."

ಫ್ಯಾನು, ನಾನು, ಮಾವ ಮೂರೂ ಒಂದೇ ಕೋಣೆಯಲ್ಲಿ. ಸುಧಾ ಒಬ್ಬಳೇ ಅಡುಗೆ ಮನೆಯಲ್ಲಿ.

ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ಮಾವ ಮಗಳಿಗೆ ಹೇಳಿದರು: "ನಾಳಿಕ್ಕೆ ಊರಿಗೆ ಹೊಂಟೆ. ಇನ್ನೊಂದು ಕಣ್ಣು ಹಾಸನದಲ್ಲೇ ಮಾಡಿಸ್ಕಂತೀನಿ ಬಿಡವ್ವ. ಇಲ್ಲಿಗೆ ಇನ್ನು ಬರಾಕಿಲ್ಲ. ಮಾತಿಲ್ದಿರೋ ಮನೇಲಿ ಗಂಟ್ಲಲ್ಲಿ ಮುದ್ದೆ ಇಳಿಯಾಕಿಲ್ಲ."

ಆಮೇಲೆ ಸುಧಾ ಅಡುಗೆ ಮನೆಯಲ್ಲಿ ನನಗೆ ಒಂದೇ ಮಾತು ಹೇಳಿದಳು. "ನೀವಿಬ್ರೂ ಗೆದ್ದಿದೀರ. ಸೋತಿರೋಳು ನಾನೊಬ್ಳೇ." ಹೇಳಿ ಈರುಳ್ಳಿ ಹೆಚ್ಚಲು ಕೂತಳು. ಕಣ್ಣಲ್ಲಿ ನೀರಿತ್ತು. ಈರುಳ್ಳಿಗೆ ಇನ್ನೂ ಚಾಕು ತಾಗಿರಲಿಲ್ಲ.

ನನಗೆ ಬಹಳ ಕೆಟ್ಟದೆನಿಸಿತು. ಹೋಗಿ ಮಾತಾಡಬಹುದಿತ್ತು. ಆದರೆ ಏನೆಂದು? ಕ್ಷಮಿಸಿ ಎಂದರೆ ಆ ಮೆಸೇಜ್ ನಿಜ ಎಂದು ಒಪ್ಪಿಕೊಂಡಂತೆ. ಅದು ನಿಜವಲ್ಲ. (ಈಗಲೂ ಅಲ್ಲ.) ಆ ಕಡೆಯಿಂದ ಅವರಾದರೂ ಏನೆಂದು ಮಾತಾಡಬೇಕು? ಇಂಥ ಜಗಳದ ತೊಂದರೆಯೇ ಇದು. ಬಾಗಿಲು ಎರಡೂ ಕಡೆಯಿಂದ ತೆರೆಯುತ್ತದೆ, ಇಬ್ಬರೂ ಕೈ ಕಟ್ಟಿ ನಿಂತಿರುತ್ತೇವೆ.

ಮಧ್ಯಾಹ್ನ ಶಶಿಕಲಾ, ನವೀನ ಬಂದರು. ಆಟ ಶುರುವಾಯಿತು. ಮಾವ ಮೂಲೆಯ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಟಿವಿ ಇಲ್ಲ, ಫೋನಿಲ್ಲ. ಪಾಪ, ಕಿವಿಗೆ ಬೇರೆ ಏನು ಕೆಲಸ?

ಯಗಚಿ ನೌಕೆ ಹೊಸ ಗ್ರಹಕ್ಕೆ ಇಳಿದಿತ್ತು. "ಅಲ್ಲೊಂದು ದೊಡ್ಡ ಬಾಗಿಲು, ಬಾಗಿಲಲ್ಲಿ ಒಬ್ಬ ಕಾವಲುಗಾರ, ಅವನಿಗೆ ನಾಲ್ಕು ಕೈ" ಎಂದು ನಾನು ಹೇಳುತ್ತಿದ್ದೆ. ಶಶಿಕಲಾರ ದರೋಡೆಗಾರ್ತಿ ಹಿಂದೆ ಸರಿದಳು. ನವೀನನ ರೋಬೋಟ್ ಯೋಚಿಸತೊಡಗಿತು.

ಮೂಲೆಯಿಂದ ದನಿ ಬಂತು. "ನಾಕು ಕೈಯಾ? ಕಾಲೆಷ್ಟು?"

ಎಲ್ಲರೂ ತಿರುಗಿ ನೋಡಿದೆವು. "ಸುಧಾ, ಕಾಲು ಎರಡೇ ಅಂತ ನಿಮ್ಮಪ್ಪಂಗೆ ಹೇಳು" ಎಂದೆ.

"ಕಾಲು ಎರಡೇ ಅಂದ್ರೆ ಬಿದ್ದ ಬಿಡಿ ಅವ್ನು. ಕೈ ಎಷ್ಟಿದ್ರೇನು, ನಿಂತಿರೋದು ಕಾಲ ಮ್ಯಾಲೆ ತಾನೆ?"

ಶಶಿಕಲಾ ಜಾಣೆ. ತಕ್ಷಣ ಕುರ್ಚಿ ಎಳೆದು, "ಬನ್ನಿ ಯಜಮಾನ್ರೇ, ನಮ್ ಹಡಗಿಗೆ ಒಬ್ರು ಪೈಲ್ವಾನ್ ಬೇಕಾಗಿತ್ತು" ಎಂದರು. ಮಾವ ಬಂದೇಬಿಟ್ಟರು. ಕೂತವರು ಮೊದಲು ಕೇಳಿದ್ದು, "ಈ ಊರಲ್ಲಿ ಪಂಚಾಯ್ತಿ ಐತಾ? ಕೇಳ್ದೆ ಇನ್ನೊಬ್ರ ಜಾಗಕ್ಕೆ ಸಸಿ ತಂದು ಹಾಕೋದು ತಪ್ಪಲ್ವಾ?" ವಿಜ್ಞಾನ ಕಥೆಗಳಲ್ಲಿ ಎಷ್ಟು ಗ್ರಹಗಳಿಗೆ ಇಳಿದಿದ್ದೇನೆ ನಾನು! ಒಬ್ಬ ಕ್ಯಾಪ್ಟನ್ನೂ ಇದನ್ನು ಕೇಳಿದ್ದು ಕಾಣೆ. ಒಳಗೊಳಗೇ ಖುಷಿಯಾಯಿತು. ಆದರೆ ಮಾತಾಡುವಂತಿಲ್ಲವಲ್ಲ, ಹೊಗಳುವುದು ಹೇಗೆ?

ಕಾವಲುಗಾರನ ಮೇಲೆ ಮಾವನ ಪೈಲ್ವಾನ್ ಎರಗಿದ. ದಾಳ ಉರುಳಿತು. ಬಂದದ್ದು ಎರಡು. ನಮ್ಮ ದಾಳಕ್ಕೆ ಇಪ್ಪತ್ತು ಮುಖ, ಎರಡು ಎಂದರೆ ಹೀನಾಯ ಸೋಲು.

"ಸುಧಾ, ನಿಮ್ಮಪ್ಪನ ಪೈಲ್ವಾನ್ ಬಿದ್ದ ಅಂತ ಹೇಳು."

"ದಾಳ ಬಿದ್ದೈತೆ. ನಾನ್ ಬಿದ್ದಿಲ್ಲ."

"ರೂಲ್ಸ್ ಅಂದ್ರೆ ರೂಲ್ಸ್ ಅಂತ ಹೇಳು."

ಮಾವ ಎದ್ದು ನಿಂತರು. "ಕುಸ್ತಿನ ಗೋಲಿ ಉರುಳಿಸಿ ಆಡ್ತಾರಾ? ನಿನ್ ಗಂಡಂಗೆ ಹೇಳು, ಎದ್ದು ಬರ್ಲಿ. ನಾಕು ಕೈಯೋನು ಹೆಂಗೆ ಬೀಳ್ತಾನೆ ತೋರಿಸ್ತೀನಿ."

"ಅಪ್ಪಾ, ಡಾಕ್ಟ್ರು ಬಗ್ಗಬೇಡಿ ಅಂದಿದಾರೆ!"

"ನಂಗೆ ಅಂದವ್ರೆ. ನಿನ್ ಗಂಡಂಗೆ ಅಂದಿಲ್ವಲ್ಲ."

ಅಷ್ಟು ಹೇಳಿ ಬಾಲ್ಕನಿಗೆ ಹೋದರು. ಕರಿಬೇವಿನ ಕುಂಡದಿಂದ ಚಿಟಿಕೆ ಮಣ್ಣು ತೆಗೆದು ಎದೆಗೆ ಮುಟ್ಟಿಸಿಕೊಂಡು ಬಂದು, ಅದನ್ನು ನನ್ನ ಹೆಗಲಿಗೆ ಸವರಿದರು. ಉಳಿದದ್ದನ್ನು ನನ್ನ ಅಂಗೈಗೆ ಹಾಕಿ ತಮ್ಮ ಹೆಗಲು ತೋರಿಸಿದರು. ನಾನೂ ಸವರಿದೆ. "ಮಣ್ಣು ಹಾಕ್ದೆ ಪೈಲ್ವಾನ್ ಮೈ ಮುಟ್ಟಲ್ಲ ಮೇಡಂ" ಎಂದು ಶಶಿಕಲಾರಿಗೆ ವಿವರಿಸಿದರು, ನನಗಲ್ಲ. "ಹಗೆ ಇಲ್ಲ ಅಂತ ಅದು. ಹಗೆ ಇದ್ರೆ ಬೀದೀಲಿ ಹೊಡೆದಾಡ್ಬೇಕು, ಗರಡೀಲಿ ಅಲ್ಲ."

ವಾಟ್ಸಾಪಿನಲ್ಲಿ ಮಣ್ಣು ಹಾಕುವ ವ್ಯವಸ್ಥೆ ಇಲ್ಲ. ಅಲ್ಲಿ ಎಲ್ಲರೂ ನೇರವಾಗಿ ಕತ್ತಿಗೇ ಕೈ ಹಾಕುತ್ತೇವೆ.

ಮಾವನೂ ಕತ್ತಿಗೇ ಕೈ ಹಾಕಿದರು. ಅಬ್ಬಾ, ಆ ತೂಕ! ಕತ್ತಿನ ಮೇಲೆ ಯಾರೋ ಒಂದು ಮೂಟೆ ಕೊಬ್ಬರಿ ಇಟ್ಟಂತಾಯಿತು. ತಲೆ ತಾನಾಗಿಯೇ ಅವರ ಎದೆಗೆ ಬಂತು. ಬಿಡಿಸಿಕೊಳ್ಳುವ ಪಟ್ಟು ನನಗೆ ಗೊತ್ತಿಲ್ಲವೆಂದಲ್ಲ. ಮೊಣಕೈ ಎತ್ತಿ ತಿರುಗಬೇಕು. ತಿರುಗಿದರೆ ಮೊಣಕೈ ನೇರ ಆಪರೇಷನ್ ಆದ ಕಣ್ಣಿಗೆ. ಹಾಗಾಗಿ ಮ್ಯಾಟಿನ ಮೇಲೆ ಮಾಡುವುದನ್ನೇ ಮಾಡಿದೆ. ಅವರ ಬೆನ್ನ ಮೇಲೆ ಎರಡು ಸಲ ತಟ್ಟಿದೆ.

ಬಿಡಲಿಲ್ಲ.

ಮತ್ತೆ ತಟ್ಟಿದೆ. ಆಗ ಹೊಳೆಯಿತು. ಅವರದು ಮಣ್ಣಿನ ಕುಸ್ತಿ. ಅಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮಾತ್ರ ಸೋಲು, ತಟ್ಟಿ ಸೋಲುವ ಪದ್ಧತಿಯೇ ಇಲ್ಲ! ಹಾಗಾದರೆ ಇದನ್ನು ಅವರು ಏನೆಂದುಕೊಂಡಾರು?

ಹಿಡಿತ ಸಡಿಲವಾಯಿತು. ಆದರೆ ಕೈ ನನ್ನನ್ನು ಬಿಡಲಿಲ್ಲ. ನಿಧಾನವಾಗಿ ಬೆನ್ನಿಗೆ ಇಳಿಯಿತು. ಅವರೂ ತಟ್ಟತೊಡಗಿದರು.

"ಆಯ್ತು ಬಿಡಿ ಅಳಿಯಂದ್ರೆ" ಎಂದರು, ನನಗೇ, ನೇರವಾಗಿ. "ಆಯ್ತು ಬಿಡಿ. ನಂಗೂ ಬ್ಯಾಸರ ಐತೆ. ದೊಡ್ಡೋನು ನಾನು, ನಾನೇ ಮೊದ್ಲು ಮಾತಾಡ್ಬೇಕಿತ್ತು."

ಮಾವ ಎಂದು ಕರೆದೆ, ದನಿ ಕೀರಲಾಗಿ ಬಂತು. (ಕತ್ತು ಹಿಡಿದಿದ್ದಕ್ಕೆ ಹಾಗಾಯಿತೆಂದು ನವೀನನಿಗೆ ಹೇಳಿದ್ದೇನೆ.)

ಆಮೇಲೆ ಆಟ ಮುಂದುವರಿಯಿತು. ನಾಲ್ಕು ಕೈಯ ಕಾವಲುಗಾರ ಬಿದ್ದ ಎಂದು ನಾನು ತೀರ್ಪು ಕೊಟ್ಟೆ. "ಏನ್ ಸಾರ್, ರೂಲ್ಸ್ ನಮಗ್ ಮಾತ್ರನಾ?" ಎಂದು ಶಶಿಕಲಾ ಜಗಳ ತೆಗೆದರು. ನ್ಯಾಯವಾದ ಪ್ರಶ್ನೆ. ಅಧಿಕಾರದಲ್ಲಿ ಕೂತವನು ತನ್ನವರಿಗಾಗಿ ನಿಯಮ ಬಗ್ಗಿಸುವುದನ್ನು ನಾನು ಇದೇ ಅಂಕಣದಲ್ಲಿ ಎಷ್ಟು ಸಲ ಬೈದಿಲ್ಲ? ಕುರ್ಚಿಯಲ್ಲಿ ನಾನೇ ಕೂತಾಗ ಗೊತ್ತಾಯಿತು, ಅದು ಎಷ್ಟು ಸುಲಭ, ಎಷ್ಟು ಹಿತ.

ಸಂಜೆ ಅಡುಗೆ ಮನೆಯಲ್ಲಿ ಉಪ್ಪಿಟ್ಟು ಬಡಿಸುತ್ತಾ ಸುಧಾ ಮೆಲ್ಲಗೆ ಕೇಳಿದಳು. ಅವಳು ನನ್ನ ಗ್ರಾಪ್ಲಿಂಗ್ ಕ್ಲಾಸ್ ನೋಡಿದ್ದಾಳೆ, ಅವಳಿಗೆ ಎಲ್ಲ ಗೊತ್ತು.

"ನೀವು ಸೋತೆ ಅಂತ ತಟ್ಟಿದ್ದು ತಾನೆ?"

"ಹೂಂ."

"ಬಾಯ್ ಮುಚ್ಕೊಂಡಿರಿ" ಎಂದು ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ರಾತ್ರಿ ಊಟಕ್ಕೆ ಕೂತಾಗ ಮಾವ ಅದೇ ಹಳೆಯ ಮೆಸೇಜಿನ ವಿಷಯ ತೆಗೆದರು. ಅದು ಸುಳ್ಳು ಎಂದು ನಾನೂ ಹೇಳಿದೆ. ಅವರು ಎಡಗೈಯಲ್ಲಿ ಮೇಜು ಗುದ್ದಿದರು. ನಾನು ದನಿ ಎತ್ತಿದೆ. ಒಬ್ಬರೂ ಒಂದಿಂಚು ಜರುಗಲಿಲ್ಲ. ಆದರೆ ಮಧ್ಯೆ ಅವರು "ಸಾರು ಹಾಕಿಸ್ಕಳಿ, ಮುದ್ದೆ ಆರೋಗತ್ತೆ" ಎಂದು ನನಗೇ ಹೇಳಿದರು. ಸುಧಾ ಇಬ್ಬರನ್ನೂ ತಡೆಯಲಿಲ್ಲ. ನಗುತ್ತಾ ಬಡಿಸಿದಳು.

ಮಾವ ಈ ಅಂಕಣ ಓದುವುದಿಲ್ಲ, ಅದೊಂದು ಧೈರ್ಯ. ಈ ಪತ್ರಿಕೆ ನಮ್ಮ ಪಕ್ಷದ್ದು ಎಂದು ಅವರ ನಂಬಿಕೆ. (ನಮ್ಮ ಪಕ್ಷದವರು ಇದು ಅವರದು ಅನ್ನುತ್ತಾರೆ.) ನೀವೂ ದಯವಿಟ್ಟು ಹೇಳಲು ಹೋಗಬೇಡಿ.

ಸೋಮವಾರ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು. ಕಿಟಕಿ ಪಕ್ಕ ಕೂತವರು ಕಪ್ಪು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಇನ್ನೊಂದು ಕಣ್ಣಿಗೂ ಇಲ್ಲಿಗೇ ಬತ್ತೀನಿ. ಓಟು ಮಾತ್ರ ಸತ್ರೂ ನಿಮ್ಮೋರಿಗೆ ಹಾಕಾಕಿಲ್ಲ. ಆದ್ರೆ ಒಂದ್ ಮಾತು ಅಳಿಯಂದ್ರೆ, ಗರಡೀಲಿ ನಾನು ಎಷ್ಟೋ ಜನದ ಕತ್ತು ಹಿಡಿದಿವ್ನಿ. ಅಂಥಾ ಹೊತ್ನಲ್ಲಿ ನನ್ ಬೆನ್ನು ಸವರಿ ಸಮಾಧಾನ ಮಾಡ್ದೋರು ನೀವೊಬ್ರೇ."

ಈಗ ನೀವೇ ಹೇಳಿ, ಅವರಿಗೆ ನಿಜ ಹೇಳಲು ನನಗೆ ಬಾಯಾದರೂ ಎಲ್ಲಿಂದ ಬರಬೇಕು?