ನೀರು ತಾಗಬಾರದ ಕಲ್ಲು

ಭೂಗರ್ಭ ಸಂಶೋಧನಾ ಕೇಂದ್ರದ ಹಿಂಬದಿಯ ಉದ್ದನೆಯ ಕೋಣೆ ಕಲ್ಲಕ್ಕನದು. ಕೊರೆಯುವ ಯಂತ್ರ ನೆಲದಾಳದಿಂದ ಎತ್ತಿ ತಂದ ಕಲ್ಲಿನ ಕಂಬಗಳು ಮರದ ಪೆಟ್ಟಿಗೆಗಳಲ್ಲಿ ಮಲಗಿಕೊಂಡು ಅವಳ ಬಾಗಿಲಿಗೆ ಬರುತ್ತಿದ್ದವು. ಅವುಗಳಿಂದ ಒಂದು ಚೂರು ಕೊಯ್ದು, ಒಣಗಿಸಿ, ನೀಲಿ ಬಣ್ಣದ ಅಂಟು ಕುಡಿಸಿ, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ತೇಯುವುದು ಅವಳ ಕೆಲಸ. ಕಲ್ಲಿನೊಳಗೆ ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲೆಲ್ಲ ನೀಲಿ ಹೋಗಿ ಕೂರುತ್ತದೆ. ನೀಲಿ ಹೆಚ್ಚಿದ್ದರೆ ಆ ಕಲ್ಲಿನಲ್ಲಿ ನೀರೋ, ಎಣ್ಣೆಯೋ, ಅನಿಲವೋ ನಿಂತು ಹರಿದಾಡೀತು. ನೀಲಿ ಇಲ್ಲದ ಕಲ್ಲು ಯಾವುದನ್ನೂ ದಾಟಿಸದ ಗೋಡೆ.

ಪ್ರಯೋಗಾಲಯದ ಸೀಸೆ ತೊಳೆಯಲೆಂದು ಸೇರಿದವಳು ಅವಳು. ತೇಯುವ ಮೇಸ್ತ್ರಿಯ ಪಕ್ಕದಲ್ಲಿ ನಿಂತು ನೋಡಿ ನೋಡಿಯೇ ಕಲಿತಳು. ಸೂಕ್ಷ್ಮದರ್ಶಕದಲ್ಲಿ ಮರಳಿನ ಕಾಳು ಹಳದಿಯಾಗಿ ಕಂಡರೆ ಕಲ್ಲು ಇನ್ನೂ ದಪ್ಪ ಇದೆ ಎಂದರ್ಥ. ಹಳದಿ ಇಳಿದು ಬೂದಿಯ ಬಿಳುಪಿಗೆ ತಿರುಗಿದ ಕೂಡಲೇ ಕೈ ನಿಲ್ಲಿಸಬೇಕು. ಒಂದು ಉಜ್ಜು ಹೆಚ್ಚಾದರೂ ಗಾಜಿನ ಮೇಲೆ ಏನೂ ಉಳಿಯುವುದಿಲ್ಲ. ಕಲ್ಲಕ್ಕನ ಕೈಗೆ ಹೋದ ಕಲ್ಲು ಕೆಡುವುದಿಲ್ಲ ಎಂಬ ಮಾತು ಬೇರೆ ಕೇಂದ್ರಗಳವರೆಗೂ ಹೋಗಿತ್ತು. ಅವರೂ ತಮ್ಮ ಪೆಟ್ಟಿಗೆಗಳನ್ನು ಇಲ್ಲಿಗೇ ಕಳಿಸುತ್ತಿದ್ದರು.

ಈ ಹೆಸರು ಮನೆಯ ಹೊಸಿಲು ಮಾತ್ರ ದಾಟಿರಲಿಲ್ಲ. ಹೊಲಿಗೆ ಅಂಗಡಿ ನಡೆಸಿ ಮಗನನ್ನು ಬೆಳೆಸಿದ ಅತ್ತೆಗೆ ಸೊಸೆಯ ಕೆಲಸವೆಂದರೆ ತಮಾಷೆ.

"ನಾನು ಬಟ್ಟೆ ಕತ್ತರಿಸಿದ್ರೆ ಒಂದು ಅಂಗಿ ಆಗ್ತಿತ್ತು. ನೀನು ಕಲ್ಲು ಕತ್ತರಿಸಿದ್ರೆ ಏನಮ್ಮ ಆಗೋದು? ಇನ್ನೂ ಚಿಕ್ಕ ಕಲ್ಲು."

"ಅಂಗಿ ಹರಿಯತ್ತೆ ಅತ್ತೆ. ಕಲ್ಲು ಹರಿಯಲ್ಲ."

"ಬಾಯನ್ನ ಮಾತ್ರ ಚೆನ್ನಾಗಿ ತೇದಿಟ್ಕೊಂಡಿದ್ದೀಯ, ಬಿಡು."

ಆ ವರ್ಷ ಕೇಂದ್ರಕ್ಕೆ ಬಂದ ಕೆಲಸ ಅವರ ಸ್ವಂತ ಊರಿನ ನೆಲದ್ದೇ. ಊರಿನ ಕೊಳವೆಬಾವಿಗಳು ಕುಡಿಯುವ ನೀರನ್ನು ಎತ್ತುವುದು ಮರಳುಗಲ್ಲಿನ ಒಂದು ಪದರದಿಂದ. ಅದರ ಕೆಳಗೆ ಇನ್ನೊಂದು ಮರಳುಗಲ್ಲು, ಅದರ ತುಂಬ ಅನಿಲ. ಎರಡರ ನಡುವೆ ಮುಚ್ಚಳದಂಥ ಗಟ್ಟಿ ಪದರ. ಅನಿಲ ಮೇಲೇರಿ ನೀರಿಗೆ ಸೇರುತ್ತಿದೆ ಎಂಬ ಗುಮಾನಿ ಊರಿಗೆಲ್ಲ ಹಬ್ಬಿದಾಗ ಸರ್ಕಾರ ಹಣ ಕೊಟ್ಟು, ಮುಚ್ಚಳ ಸೋರುತ್ತದೆಯೇ ಪರೀಕ್ಷಿಸಿ, ಕಂಡದ್ದನ್ನು ಊರಿನವರ ಮುಂದೆಯೇ ಇಡಿ ಎಂದು ಕೇಂದ್ರಕ್ಕೆ ಹೇಳಿತು. ಸೋರುತ್ತದೆ ಎಂದಾದರೆ ಬಾವಿಗಳಿಗೆ ಬೀಗ ಬೀಳುವುದು ಖಚಿತವಿತ್ತು.

ಇದನ್ನು ನೋಡಿಕೊಳ್ಳುತ್ತಿದ್ದ ವಿಜ್ಞಾನಿ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುಚ್ಚಳದ ಪದರದಿಂದ ಕಲ್ಲಕ್ಕ ತೇದುಕೊಟ್ಟ ತೆಳ್ಳನೆಯ ಕಲ್ಲಿನ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಎಲ್ಲಿ ನೋಡಿದರೂ ನೀಲಿ, ಚೌಕ ಚೌಕವಾದ ನೀಲಿ.

"ಜರಡಿ ಆಗಿದೆಯಲ್ಲ ಅಕ್ಕ ಇದು," ಎಂದು ಮುಖ ಸಣ್ಣ ಮಾಡಿಕೊಂಡು ವರದಿ ಬರೆಯಲು ಹೋದಳು.

ಕಲ್ಲಕ್ಕ ಭಾರವಾದ ಮನಸ್ಸಿನಿಂದ ಗರಗಸದ ತಟ್ಟೆ ಒರೆಸತೊಡಗಿದಳು. ಕೊಯ್ಯುವಾಗ ಅಲಗು ಕಾಯದಿರಲೆಂದು ಸುರಿಯುವ ನೀರು ಆ ತಟ್ಟೆಗೇ ಇಳಿಯುತ್ತದೆ. ನೀರು ಆರಿದ ಜಾಗದಲ್ಲಿ ಬಿಳಿಯ ಹಕ್ಕಳೆ ಕಟ್ಟಿತ್ತು. ಸುಣ್ಣವಿರಬೇಕು ಎಂದುಕೊಂಡಳು. ಸುಣ್ಣವಾದರೆ ಕೆರೆಯದೆ ಬಿಡುವುದಿಲ್ಲ. ಇದು ಒದ್ದೆ ಬಟ್ಟೆ ಸೋಕಿದ್ದೇ ಮಾಯವಾಯಿತು. ಉಳಿದದ್ದಕ್ಕೆ ಬೆರಳು ಒತ್ತಿ ನಾಲಿಗೆಗೆ ತಾಗಿಸಿದಳು.

ಉಪ್ಪು.

ಅಲ್ಲಿಯೇ ಸ್ಟೂಲಿನ ಮೇಲೆ ಕೂತಳು. ಮುಚ್ಚಳದ ಸಂದುಗಳಲ್ಲಿ ಯಾವ ಕಾಲದಿಂದಲೋ ಉಪ್ಪು ಬೆಸೆದುಕೊಂಡು ಕೂತಿತ್ತು. ತಾನು ಎಲ್ಲ ಕಲ್ಲಿನಂತೆ ಅದನ್ನೂ ನೀರಿನಲ್ಲಿ ಕೊಯ್ದಿದ್ದಳು. ಉಪ್ಪು ಕರಗಿ ಹೋದ ಖಾಲಿ ಜಾಗದಲ್ಲಿ ನೀಲಿ ಬಂದು ಕೂತಿತ್ತು. ಜರಡಿ ಮಾಡಿದ್ದು ಭೂಮಿಯಲ್ಲ, ತನ್ನದೇ ಕೈ.

ಆ ಪದರದಲ್ಲಿ ಉಪ್ಪಿದೆ ಎಂದು ಯಾರೂ ಹೇಳಿರಲಿಲ್ಲ, ನಿಜ. ಮೊದಲ ಬಿಲ್ಲೆ ಸೀಳಿಹೋಯಿತು ಎಂದು ಒಂದು ಸುಳ್ಳು ಹೇಳಿ ಇನ್ನೊಂದು ಮಾಡಿದರೂ ನಡೆಯುತ್ತಿತ್ತೇನೋ. ಇಷ್ಟು ವರ್ಷದ ಹೆಸರು ಒಂದು ಕ್ಷಣ ಅವಳ ಬಾಯಿ ಕಟ್ಟಿತು. ಕಣ್ಣು ಮುಚ್ಚಿ, ದೇವರೇ, ಎದ್ದು ಹೋಗುವಷ್ಟು ಶಕ್ತಿ ಕೊಡು ಎಂದಷ್ಟೇ ಕೇಳಿಕೊಂಡು ಎದ್ದಳು.

"ಮೇಡಂ, ಸ್ವಲ್ಪ ಬಂದು ಈ ತಟ್ಟೆ ನೆಕ್ಕಿ."

"ಏನಂದ್ರಿ?"

"ಬೆರಳಲ್ಲಿ ಮೇಡಂ. ನಾನೂ ನೆಕ್ಕಿದ್ದೀನಿ, ಏನೂ ಆಗಲ್ಲ."

ನೆಕ್ಕಿದ ವಿಜ್ಞಾನಿ ಬೆರಳನ್ನು ಬಾಯಿಂದ ತೆಗೆಯದೆ ಹಾಗೇ ನಿಂತಳು. "ಚೌಕ ಚೌಕ ಇತ್ತಲ್ಲ ಅಕ್ಕ. ಉಪ್ಪಿನ ಹರಳೇ ಹಾಗಿರತ್ತೆ. ನನಗಾದ್ರೂ ಹೊಳೀಬೇಕಿತ್ತು."

"ನಿಮಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ನಾಲಿಗೆಗೆ ಹೊಳೀತು. ಕೆಡಿಸಿದ್ದು ನಾನು. ಇನ್ನೊಂದು ಚೂರು ಕೊಡಿ, ನೀರು ಮುಟ್ಟಿಸದೆ ಮಾಡ್ತೀನಿ."

ಕೊಡಲು ಉಳಿದಿದ್ದದ್ದು ಅಂಗೈಯಗಲದ ಒಂದೇ ತುಂಡು. ಮಿಕ್ಕಿದ್ದೆಲ್ಲ ಒತ್ತಡದ ಪರೀಕ್ಷೆಗೆಂದು ಬೇರೆ ಊರಿಗೆ ಹೋಗಿತ್ತು, ಕಲ್ಲು ತೆಗೆಯಲು ಕೊರೆದ ಬಾವಿಯನ್ನೂ ಸಿಮೆಂಟು ಹಾಕಿ ಮುಚ್ಚಿಯಾಗಿತ್ತು. ಇದು ಒಡೆದರೆ ಊರಿನ ಪ್ರಶ್ನೆಗೆ ಉತ್ತರ ಕೊಡುವ ಬಿಲ್ಲೆ ಇನ್ನಿಲ್ಲ.

ಕಲ್ಲಕ್ಕ ಯಂತ್ರದ ನೀರನ್ನೆಲ್ಲ ಬಸಿದು, ಒರೆಸಿ, ಒಣಗಿಸಿ ಎಣ್ಣೆ ತುಂಬಿದಳು. ನೀರಿಗೆ ಒಗ್ಗಿದ ಕೈಗೆ ಎಣ್ಣೆ ಹೊಸದು. ಕಲ್ಲು ಬೆರಳಿನಿಂದ ಜಾರುತ್ತದೆ, ತೇದ ಪುಡಿ ತೊಳೆದುಹೋಗದೆ ಅಡಿಗೇ ಅಂಟಿಕೊಳ್ಳುತ್ತದೆ. ಎಣ್ಣೆಯಲ್ಲಿ ಕೊಯ್ದ ಚೂರಿಗೆ ಎಂದಿನಂತೆ ನೀಲಿ ಅಂಟು ಕುಡಿಸಿ ಗಾಜಿಗೆ ಅಂಟಿಸಿದಳು. ಗಾಜಿನ ಹಲಗೆಯ ಮೇಲೆ ಎಂಟರ ಆಕಾರದಲ್ಲಿ ಕೈ ಆಡಿಸುತ್ತ, ಮತ್ತೆ ಮತ್ತೆ ಒರೆಸಿ ನೋಡುತ್ತ ತೇದಳು. ಒಂದು ಅಂಚಿನ ಕಾಳುಗಳು ಕಿತ್ತುಬಂದಾಗ ಉಸಿರು ಹಿಡಿದು ಕೈ ಹಗುರ ಮಾಡಿದಳು. ಹಳದಿ ತಿಳಿಯಾಯಿತು, ಇನ್ನಷ್ಟು ತಿಳಿಯಾಯಿತು. ಬೂದಿಯ ಬಿಳುಪು ಮೂಡಿದ್ದೇ ಕೈ ತಾನಾಗಿ ನಿಂತಿತು.

ಈ ಸಲ ನೀಲಿ ಇರಲಿಲ್ಲ. ಮೊದಲ ಬಿಲ್ಲೆಯಲ್ಲಿ ನೀಲಿಯ ಚೌಕಗಳಿದ್ದಂಥ ಕಡೆಯಲ್ಲೆಲ್ಲ ಉಪ್ಪು ಗಾಜಿನ ಹಾಗೆ ತಿಳಿಯಾಗಿ, ಗಟ್ಟಿಯಾಗಿ ಕೂತಿತ್ತು. ವಾರ ಕಳೆದು ಬಂದ ಒತ್ತಡದ ಪರೀಕ್ಷೆಯ ಫಲಿತಾಂಶವೂ ಅದನ್ನೇ ಹೇಳಿತು. ಮುಚ್ಚಳ ಸೋರುವುದಿಲ್ಲ.

"ಅಕ್ಕ, ಮೊದಲನೇದನ್ನ ಬಿಟ್ಟುಬಿಡೋಣ," ಎಂದಳು ವಿಜ್ಞಾನಿ. "ನಿಮ್ಮ ಹೆಸರು ಯಾಕೆ ಕೆಡಬೇಕು?"

"ಬಿಟ್ರೆ ನಾಳೆ ಇನ್ನೊಂದು ಕೇಂದ್ರದೋರು ನೀರಲ್ಲೇ ಕೊಯ್ತಾರೆ. ಊರಿನೋರ ದುಡ್ಡಲ್ಲಿ ಕೆಡಿಸಿದ್ದು ಮೇಡಂ, ಅವರಿಗೇ ತೋರಿಸಿ."

ಊರಿನ ಸಭಾಂಗಣ ತುಂಬಿತ್ತು. ಕಲ್ಲಕ್ಕ ಅತ್ತೆಯ ಪಕ್ಕದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪರದೆಯ ಮೇಲೆ ಎರಡೂ ಬಿಲ್ಲೆಗಳು ಗೋಡೆಯಷ್ಟು ದೊಡ್ಡದಾಗಿ ಮೂಡಿದವು, ಒಂದರ ತುಂಬ ನೀಲಿ, ಇನ್ನೊಂದು ಅಚ್ಚ ತಿಳಿ. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು.

"ಇಷ್ಟು ತೆಳ್ಳಗೆ ನೀನೇ ತೇದಿದ್ದಾ?"

"ಹೂಂ ಅತ್ತೆ."

"ಕೈಯಲ್ಲಿ?"

"ಕೈಯಲ್ಲೇ."

ಅತ್ತೆ ಬಟ್ಟೆಯ ನಯ ನೋಡುವವರಂತೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ ಪರದೆಯನ್ನೇ ನೋಡುತ್ತಿದ್ದರು.

ವಿಜ್ಞಾನಿ ಎಲ್ಲವನ್ನೂ ವಿವರಿಸಿ ಮುಗಿಸಿದಾಗ ನೀರು ಬಿಡುವ ಪಂಪಿನವನು ಎದ್ದು ನಿಂತ. "ಅದೆಲ್ಲ ಸರಿ. ಮೊದಲನೇ ಕಲ್ಲನ್ನ ಕೆಡಿಸಿದ್ಯಾರು? ಅವರೇ ಎರಡನೇದನ್ನೂ ಮಾಡಿದ್ರೆ ನಾವು ನಂಬೋದು ಹೇಗೆ?"

ಕೆಲವರು ನಕ್ಕರು. ವಿಜ್ಞಾನಿ ಬಾಯಿ ತೆರೆಯುವಷ್ಟರಲ್ಲಿ ಕಲ್ಲಕ್ಕ ಎದ್ದಳು.

"ನಾನೇ. ನೀರಲ್ಲಿ ಕೊಯ್ದೆ, ಉಪ್ಪು ಕರಗಿ ಹೋಯ್ತು. ಎರಡನೇದನ್ನ ಎಣ್ಣೆಯಲ್ಲಿ ತೇದವಳೂ ನಾನೇ. ತಪ್ಪನ್ನ ಮುಚ್ಚಿಟ್ಟಿದ್ರೆ ನೀವು ನಂಬಬೇಕಾಗಿರಲಿಲ್ಲ. ಎರಡೂ ನಿಮ್ಮ ಕಣ್ಣ ಮುಂದೆ ಇವೆ."

ಪಂಪಿನವನು ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಹಾಗಾದ್ರೆ ಸರಿ, ನಾಳೆನೂ ಎಂದಿನ ಹಾಗೆ ನೀರು ಬಿಡ್ತೀನಿ," ಎಂದು ಕೂತ.

ಕಲ್ಲಕ್ಕನೂ ಕೂರಲು ಹೋದಳು. ಅತ್ತೆ ಅವಳ ಮೊಣಕೈ ಹಿಡಿದು ತಡೆದರು.

"ಕೂರಬೇಡ. ಇನ್ನೊಂದ್ಸಲ ಹೇಳು, ಹಿಂದಿನ ಸಾಲಿನೋರಿಗೆ ಕೇಳಿಸಿಲ್ಲ."

ಕಲ್ಲಕ್ಕ ಹಿಂದಕ್ಕೆ ತಿರುಗಿ ನಿಂತು, ಇನ್ನಷ್ಟು ಗಟ್ಟಿಯಾಗಿ ಮೊದಲಿಂದ ಹೇಳಿದಳು.