ಕಾಕು ಆರಿಸಿದ ಕಮಾನು

ಕಳೆದ ವಾರ ಪುಣೆಯ ವಾಕಡದ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಮುಂದೆ ಒಂದು ಪಿಕಪ್ ನಿಂತಿತ್ತು. ಯಾರೋ ಮನೆ ಬದಲಿಸುತ್ತಿದ್ದರು. ಎರಡು ಕಬ್ಬಿಣದ ಕಪಾಟು, ಫ್ರಿಜ್ಜು, ಹಾಸಿಗೆಯ ಸುರುಳಿಗಳು, ಎಲ್ಲದರ ಮೇಲೆ ಕಾಲು ಮೇಲೆ ಮಾಡಿ ಮಲಗಿದ ಊಟದ ಮೇಜು. ಭಾರಕ್ಕೆ ಗಾಡಿಯ ಹಿಂಭಾಗ ಪೂರ್ತಿ ಕುಸಿದು, ಮೂತಿ ಮೇಲೆದ್ದಿತ್ತು. ನಾನು ಬಗ್ಗಿ ಹಿಂದಿನ ಗಾಲಿಯ ಒಳಗೆ ಇಣುಕಿದೆ. ಅಲ್ಲಿರುವ ಕಮಾನು, ಎಂದರೆ ಗಾಡಿಯ ಭಾರ ಹೊರಲು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಉಕ್ಕಿನ ಪಟ್ಟಿಗಳು, ಬಾಗು ಕಳೆದುಕೊಂಡು ನೆಟ್ಟಗಾಗಿಬಿಟ್ಟಿತ್ತು. ತುಕ್ಕು, ಗ್ರೀಸು, ಕಾದ ರಬ್ಬರು ಎಲ್ಲ ಬೆರೆತ ವಾಸನೆ ಮೂಗಿಗೆ ಬಂತು. ಸಿಗ್ನಲ್ ಬಿಟ್ಟದ್ದೂ ತಿಳಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ವಿಮಾ ಕಚೇರಿಯಲ್ಲಿ ಫೈಲು ನೋಡುವ ನನಗೆ ಗಾಡಿಗಳ ಅಡಿಗೆ ಇಣುಕುವ ಚಟ ಹತ್ತಿಸಿದವರು ಕಾಕು.

ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದೆ. ಕೋಥರೂಡದ ವಸತಿ ಸೊಸೈಟಿಯೊಂದರಲ್ಲಿ ನಮ್ಮದು ಎರಡನೆಯ ಮಹಡಿ. ಕೆಳಗಿನ ಮನೆಯಲ್ಲಿ ಬೆಳಗಾವಿ ಕಡೆಯ ದಂಪತಿ ಇದ್ದರು. ಎಲ್ಲರಿಗೂ ಅವರು ಕಾಕಾ, ಕಾಕು; ಮರಾಠಿಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ. ಮಕ್ಕಳಿರಲಿಲ್ಲ. ಕಾಕಾ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದರು. ಕಾಕು ಮರಾಠಿ ಶಾಲೆಯಲ್ಲಿ ಭೂಗೋಳದ ಬಾಯಿ, ಅಂದರೆ ಟೀಚರು. ನಾನು ಬರುವ ಹೊತ್ತಿಗೆ ಅವರು ಶಾಲೆ ಬಿಟ್ಟಾಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನೆಲುಬಿಗೆ ಪೆಟ್ಟಾಗಿ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ನಡೆಯುತ್ತಿದ್ದರು, ಮಲಗಿದರೆ ಆರಾಮ, ಕೂರುವುದಷ್ಟೇ ಆಗುತ್ತಿರಲಿಲ್ಲ. ಕೂರಲು ಬರದವರಿಗೆ ಬಸ್ಸಿಲ್ಲ, ರಿಕ್ಷಾ ಇಲ್ಲ, ಕಾರಿಲ್ಲ... ಊರೇ ಇಲ್ಲ.

ಮಲಗಿದಲ್ಲಿಂದಲೇ ಅವರು ಬಂದವರನ್ನೆಲ್ಲ ವಿಚಾರಿಸುತ್ತಿದ್ದರು. ಹಾಲಿನವನ ಎಮ್ಮೆ ಯಾವ ಕೆರೆಯ ನೀರು ಕುಡಿಯುತ್ತದೆ, ಹೊಸ ರಸ್ತೆಗೆ ಒಡೆದ ಗುಡ್ಡದ ಕಲ್ಲಿನ ಬಣ್ಣ ಏನು. ನಾನು ಆಫೀಸಿನಿಂದ ಬಂದು ಚಹಾ ಕುಡಿಯಲು ಅವರಲ್ಲಿಗೆ ಇಳಿದರೆ, ಆ ದಿನ ದಾರಿಯಲ್ಲಿ ಕಂಡದ್ದನ್ನು ಹೇಳಬೇಕಿತ್ತು. ಬರಬರುತ್ತ ಅವರಿಗೆ ಹೇಳಲೆಂದೇ ನಾನು ದಾರಿ ನೋಡುವುದನ್ನು ಕಲಿತೆ.

ಅವರಿಗೊಂದು ಆಸೆ ಇತ್ತು. ಪಶ್ಚಿಮದ ಘಟ್ಟದಲ್ಲಿ ಮಳೆ ಸುರಿದು ಸುರಿದು, ಪೂರ್ವಕ್ಕೆ ಬಂದಂತೆ ನಿಂತೇ ಹೋಗುವುದನ್ನು ಅವರು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದರು. ಆದರೆ ಆ ಗೆರೆಯನ್ನು ಸ್ವತಃ ದಾಟಿರಲಿಲ್ಲ. ಮಳೆಗಾಲದ ಒಂದು ದಿನ ಪಶ್ಚಿಮದ ಮುಳಶಿಯ ಕಡೆ ಹೊರಟು, ತಿರುಗಿ ಪೂರ್ವದ ಶಿರೂರಿನ ಕಡೆ ಹೋಗುತ್ತ ಮಳೆ ಎಲ್ಲಿ ನಿಲ್ಲುತ್ತದೆಂದು ಕಣ್ಣಾರೆ ನೋಡಬೇಕು. ಅಷ್ಟೇ.

ಕಾಕಾನಿಗೆ ಹೆಚ್ಚು ಮಾತು ಬರುತ್ತಿರಲಿಲ್ಲ. ಒಂದು ದಿನ ಹಳೆಯ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಬಡಗಿಯನ್ನು ಕರೆಸಿ ಅದರ ಹಿಂದೆ ಒಂದು ಕೋಣೆ ಕಟ್ಟಿಸಿದರು. ಕಬ್ಬಿಣದ ಚೌಕಟ್ಟು, ದಪ್ಪ ಹಲಗೆಯ ಗೋಡೆ, ಮಂಚ, ಔಷಧಕ್ಕೆ ಕಪಾಟು, ಹಿಂದುಗಡೆ ನೀರಿನ ಟಾಕಿ, ಒಲೆ ಇಡಲು ಕಲ್ಲಿನ ಕಟ್ಟೆ ಕೂಡ. ಸೊಸೈಟಿಯ ಮಂದಿಯೆಲ್ಲ ಬಂದು ನೋಡಿದರು. ಮೊದಲ ದಿನ ಗಾಡಿ ಹೊರಡಿಸಿದಾಗ ಹಿಂಭಾಗ ಗಾಲಿಗೆ ತಾಗಿ ಕೆರೆಯಿತು. ಸಂಜೆ ದೀಪ ಹಾಕಿದರೆ ಬೆಳಕು ರಸ್ತೆಗೆ ಬೀಳದೆ ಎದುರಿನ ಕಟ್ಟಡದ ಬಾಲ್ಕನಿಗಳಿಗೆ ಬಿತ್ತು. ಅಲ್ಲಿಯವರು ಕೈ ಅಡ್ಡ ಹಿಡಿದು ನಕ್ಕರು.

ಕಾಕಾ, ನಾನಾ ಪೇಠೆ ಎಂಬ ಹಳೆಯ ಬಡಾವಣೆಯ ಕಮಾನಿನ ಅಂಗಡಿಗೆ ಹೋಗಿ ಇನ್ನಷ್ಟು ಪಟ್ಟಿ ಹಾಕಿಸಿಕೊಂಡು ಬಂದರು. ಗಾಡಿ ಮಟ್ಟಸವಾಗಿ ನಿಂತಿತು. ಆ ಭಾನುವಾರ ಕಾಕುವನ್ನು ಒಳಗೆ ಮಲಗಿಸಿ ಹತ್ತಿರದ ಚಾಂದನಿ ಚೌಕದವರೆಗೆ ಹೋಗಿಬಂದರು. ನಾನೂ ಜೊತೆಗಿದ್ದೆ. ಪಟ್ಟಿ ಹೆಚ್ಚಿ ಕಮಾನು ಬಾಗದೆ, ಪ್ರತಿ ಗುಂಡಿಯೂ ಹಲಗೆಯ ಮೂಲಕ ನೇರ ಮೇಲೆ ಬಡಿಯುತ್ತಿತ್ತು. ಕಾಕು ನನ್ನ ಮಣಿಕಟ್ಟು ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಮರಳಿ ಬಂದ ಮೇಲೆ ಎಷ್ಟೋ ದಿನ ಹೊರಳಲೂ ಆಗದೆ ಮಲಗಿದರು. ಡಾಕ್ಟರು ಕಾಕಾನನ್ನು ಬೈದರು. ಕಾಕಾ ಗಾಡಿಯ ಮೇಲೆ ತಾಡಪತ್ರಿ ಹೊದಿಸಿ, ಗಿರಾಕಿ ಹುಡುಕತೊಡಗಿದರು.

ನೋವು ಸ್ವಲ್ಪ ಇಳಿದ ದಿನ ಕಾಕು ನಮ್ಮಿಬ್ಬರನ್ನೂ ಹತ್ತಿರ ಕರೆದರು.

"ಮಾರೂದು ಬ್ಯಾಡ್ರಿ," ಎಂದರು ಕಾಕಾನಿಗೆ. "ಗಾಡಿದೇನೂ ತಪ್ಪಿಲ್ಲ. ಆ ಕ್ವಾಣಿ ಹೊರು ಅಂತ ಹೇಳೇವಿ, ಹೊತ್ತದ. ನನ್ನ ಹೊರೂದು ಅದಕ್ಕ ಯಾರೂ ಹೇಳೇ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. "ತಂಗಿ, ನೀ ಹೋಗಿ ಕೇಳ್ಕೊಂಡು ಬಾ. ಇವರು ಏನ್ ಹಾಕಬೇಕು ಅಂತ ಅಷ್ಟ ಕೇಳತಾರ. ಯಾಕ ಅಂತ ಕೇಳೂದಿಲ್ಲ."

ಹೀಗೆ ನನ್ನ ಶನಿವಾರದ ಮಧ್ಯಾಹ್ನಗಳು ಗ್ಯಾರೇಜುಗಳಿಗೆ ಹೋದವು. ಸೀರೆ ಉಟ್ಟು, ಆಫೀಸಿನ ಚೀಲ ಹೆಗಲಿಗೆ ಹಾಕಿಕೊಂಡ ಹೆಂಗಸು ಕಮಾನಿನ ಬಗ್ಗೆ ಕೇಳುತ್ತಾಳೆಂದು ಮೊದಲು ಎಲ್ಲರೂ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದರು. ವಿಷಯ ತಿಳಿದ ಮೇಲೆ ಸ್ಟೂಲು ಎಳೆದು ಕೊಡುತ್ತಿದ್ದರು. ಮಲಗಿದ ಹೆಂಗಸನ್ನು ಪಿಕಪ್ಪಿನಲ್ಲಿ ಮಳೆ ನೋಡಲು ಒಯ್ಯುವ ಪ್ರಶ್ನೆ ಅವರಿಗೂ ಹೊಸದು. ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬ ಹಳೆಯ ಪಟ್ಟಿಗಳನ್ನೇ ಕಾಸಿ ಮತ್ತೆ ಬಾಗಿಸಿದರೆ ಸಾಕೆಂದ. ಇನ್ನೊಬ್ಬ ಮುಖ್ಯ ಕಮಾನಿನ ಮೇಲೆ ಒಂದು ಗಿಡ್ಡ ಕಮಾನು ಕೂರಿಸುತ್ತೇನೆಂದ. ಗಾಡಿ ಖಾಲಿ ಇದ್ದಾಗ ಅದು ಸುಮ್ಮನಿರುತ್ತದೆ, ಭಾರ ಬಿದ್ದು ಹಿಂಭಾಗ ಇಳಿದಾಗ ಮಾತ್ರ ತಾಗಿ ಹೆಗಲು ಕೊಡುತ್ತದೆ. ಮತ್ತೊಬ್ಬ ಕಮಾನು ಮತ್ತು ಚೌಕಟ್ಟಿನ ನಡುವೆ ಇಡುವ ರಬ್ಬರಿನ ಗಟ್ಟಿ ತೋರಿಸಿದ.

ಕಾಕು ಎಲ್ಲವನ್ನೂ ಹಾಸಿಗೆಯ ಮೇಲೆ ಮಾಡಿ ನೋಡುತ್ತಿದ್ದರು. ಶಾಲೆಯ ಕಾಲದ ಸ್ಟೀಲ್ ಅಳತೆಪಟ್ಟಿಯನ್ನು ಮಂಚದ ಅಂಚಿಗೆ ಒತ್ತಿ ಹಿಡಿದು, ತುದಿಗೆ ಬೆರಳಿಟ್ಟು ಬಗ್ಗಿಸುವುದು. ಅದರ ಮೇಲೆ ಇನ್ನೊಂದು ಪಟ್ಟಿ ಇಟ್ಟು ಮತ್ತೆ ಒತ್ತುವುದು. ಗಿಡ್ಡ ಕಮಾನಿನ ಮಾತನ್ನೂ ಹಾಗೆಯೇ ಒತ್ತಿ ನೋಡಿದರು. ತರಕಾರಿಯವರು ತುಂಬಿಕೊಂಡು ಹೋಗಿ ಖಾಲಿ ಬರುತ್ತಾರೆ, ಅವರಿಗೆ ಅದು ಸರಿ. ನಮ್ಮ ಕೋಣೆ ಇಳಿಯುವುದೇ ಇಲ್ಲವಲ್ಲ, ಗಿಡ್ಡ ಕಮಾನು ಯಾವಾಗಲೂ ತಾಗಿಕೊಂಡೇ ಇರುತ್ತದೆ, ಮತ್ತೆ ಅದೇ ಗಟ್ಟಿತನ, ಎಂದರು. ನನಗೆ ಅದು ಹೊಳೆದಿರಲಿಲ್ಲ.

ಭೋಸರಿಯಲ್ಲಿ ಲಕ್ಸುರಿ ಬಸ್ಸುಗಳನ್ನು ರಿಪೇರಿ ಮಾಡುವ ಒಬ್ಬರಿದ್ದರು. ಆಗಷ್ಟೇ ಮುಂಬೈ ರಸ್ತೆಗೆ ಕಮಾನಿನ ಬದಲು ರಬ್ಬರಿನ ಗಾಳಿಚೀಲದ ಮೇಲೆ ಕೂತ ದೊಡ್ಡ ಬಸ್ಸುಗಳು ಬಂದಿದ್ದವು. ಬಸ್ಸಿನ ಚೀಲ ನಿಮ್ಮ ಗಾಡಿಗೆ ವಿಪರೀತ ದೊಡ್ಡದಾಯಿತು, ದೊಡ್ಡ ಲಾರಿಗಳ ಡ್ರೈವರ್ ಕ್ಯಾಬಿನ್ ಅಡಿಯಲ್ಲಿ ಇಡುವ ಚಿಕ್ಕ ಚೀಲಗಳಿವೆ, ಕಂಪನಿಯ ಹಳೆಯ ಕಮಾನನ್ನು ಹಾಗೆಯೇ ಬಿಟ್ಟು ಎರಡೂ ಬದಿಗೆ ಒಂದೊಂದು ಕೂರಿಸಬಹುದು ಎಂದು ಅವರು ಮರಾಠಿಯಲ್ಲಿ ವಿವರಿಸಿದರು. ಗಾಳಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಆದರೆ ಮೊದಲು ತೂಕ ಹಾಕಿಸಿ ಎಂದರು. ಕಮಾನಾಗಲಿ ಚೀಲವಾಗಲಿ ಗಾಡಿಯನ್ನು ಎತ್ತಿ ನಿಲ್ಲಿಸುತ್ತದೆ, ಅಷ್ಟೇ. ಅಚ್ಚು, ಟೈರು, ಬ್ರೇಕು ಮೊದಲಿನವೇ; ಅವುಗಳ ಶಕ್ತಿ ಅದರಿಂದ ಹೆಚ್ಚುವುದಿಲ್ಲ.

ಆ ದಿನ ಕಾಕು ಬೆನ್ನಿಗೆ ಇಟ್ಟುಕೊಳ್ಳುವ ಬಿಸಿನೀರಿನ ರಬ್ಬರ್ ಚೀಲವನ್ನು ಖಾಲಿ ಮಾಡಿಸಿ, ನನ್ನಿಂದ ಗಾಳಿ ಊದಿಸಿದರು. ಅದರ ಮೇಲೆ ಪುಸ್ತಕಗಳನ್ನು ಪೇರಿಸಿ ಅಂಗೈಯಿಂದ ಒತ್ತಿ ನೋಡಿದರು. ಪುಸ್ತಕಗಳು ಕೆಳಗಿಳಿದು ಮೆಲ್ಲಗೆ ಮೇಲೆದ್ದವು. ಮತ್ತೆ ಒತ್ತಿದರು. ಅವರ ಮುಖದಲ್ಲಿ ನಾನು ಅಂಥ ಗೆಲುವು ಅಲ್ಲಿಯವರೆಗೆ ಕಂಡಿರಲಿಲ್ಲ...

ಕಾಕಾ ಗಾಡಿಯನ್ನು ಲಾರಿ ತೂಗುವ ವಜನ್ ಕಾಟಾಕ್ಕೆ ಒಯ್ದು, ಹಿಂದಿನ ಗಾಲಿಗಳನ್ನಷ್ಟೇ ನಿಲ್ಲಿಸಿ ತೂಗಿಸಿಕೊಂಡು ಬಂದರು. ಕಂಪನಿ ಹೊರಬಹುದೆಂದು ಹೇಳಿದ್ದಕ್ಕಿಂತ ಬಹಳ ಹೆಚ್ಚಿತ್ತು. ಕಾಕು ಒಂದೊಂದಾಗಿ ಹೇಳುತ್ತ ಹೋದರು. ಕಲ್ಲಿನ ಕಟ್ಟೆ ಬೇಡ. ಕಪಾಟು ಬೇಡ. ಟಾಕಿ ಬೇಡ, ಎರಡು ಕ್ಯಾನು ಸಾಕು, ಅವೂ ಹಿಂದುಗಡೆ ಅಲ್ಲ, ಡ್ರೈವರ್ ಸೀಟಿನ ಬೆನ್ನಿಗೆ. ದಪ್ಪ ಹಲಗೆ ತೆಗೆದು ತೆಳು ಪ್ಲೈವುಡ್ ಹೊಡೆಸಬೇಕು.

ಕಾಕಾ ಬಾಗಿಲಿಗೆ ಒರಗಿ ನಿಂತಿದ್ದರು. ಆ ಹಲಗೆಗಳನ್ನು ಅವರೇ ಟಿಂಬರ್ ಮಾರ್ಕೆಟ್ಟಿನಲ್ಲಿ ಒಂದೊಂದಾಗಿ ಆರಿಸಿ ತಂದಿದ್ದರು. ಔಷಧದ ಬಾಟಲಿ ಉರುಳದಂತೆ ಕಪಾಟಿಗೆ ಖಾನೆ ಮಾಡಿಸಿದ್ದರು.

"ಅದೆಲ್ಲಾ ನಿನಗಂತನ ಮಾಡಿಸಿದ್ದು," ಎಂದರು, ಮೆಲ್ಲಗೆ. "ಮನ್ಯಾಗ ಇದ್ದಂಗ ಇರ್ಲಿ ಅಂತ."

ಕಾಕು ಕೈ ಚಾಚಿದರು, ಕಾಕಾ ಬಂದು ಮಂಚದ ಪಕ್ಕ ನಿಂತರು.

"ನನಗ ಗೊತ್ತದ ರೀ. ಆದ್ರ ಮನ್ಯಾಗ ಇದ್ದು ಇದ್ದು ಸಾಕಾಗೇದ ನನಗ. ಮನಿ ಬ್ಯಾಡ. ಒಂದ್ ಕಿಡಕಿ ಕೊಡ್ರಿ, ಸಾಕು."

ಕಾಕಾ ಹೊರಗೆ ಹೋದರು. ನಾನು ಚಹಾದ ಕಪ್ಪು ಹಿಡಿದು ಎಲ್ಲಿ ನೋಡಬೇಕೆಂದು ತಿಳಿಯದೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅಂಗಳದಿಂದ ಸುತ್ತಿಗೆಯ ಸದ್ದು ಬಂತು. ಕಪಾಟನ್ನು ಅವರೇ ಕಳಚುತ್ತಿದ್ದರು. ಮುಂದಿನ ವಾರ ಮಂಚದ ಎತ್ತರಕ್ಕೆ ಸರಿಯಾಗಿ, ಮಗ್ಗುಲಾಗಿ ಮಲಗಿದವರ ಕಣ್ಣಿಗೆ ನೇರ ಬರುವಂತೆ, ಗೋಡೆಯಲ್ಲಿ ಉದ್ದನೆಯ ಕಿಟಕಿ ಕೊಯಿಸಿದರು.

ಸೇರಿಸಿದ್ದ ಪಟ್ಟಿಗಳನ್ನು ತೆಗೆಸಿ, ಭೋಸರಿಯಲ್ಲಿ ಗಾಳಿಚೀಲ ಕೂರಿಸಿದ್ದಾಯಿತು. ಮತ್ತೆ ತೂಗಿಸಿದರು, ಈ ಸಲ ಮಿತಿಯೊಳಗೇ ಇತ್ತು. ಆಮೇಲೆ ಗಾಳಿ ಎಷ್ಟಿರಬೇಕೆಂಬ ಪರೀಕ್ಷೆ. ಪೌಡ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗುವುದು, ನಿಲ್ಲಿಸುವುದು, ಒಳಗಿನಿಂದ ಕಾಕು ಹೇಳಿದಂತೆ ಕಾಕಾ ಗಾಳಿ ಬಿಡುವುದು ಇಲ್ಲವೇ ಕಾಲಿನ ಪಂಪಿನಿಂದ ತುಂಬುವುದು. ಹೆಚ್ಚಾದರೆ ಚೀಲವೂ ಕಲ್ಲಿನ ಹಾಗೆ ಗಟ್ಟಿ. ಕಡಿಮೆಯಾದರೆ ಗಾಡಿ ಕೂತು ಗುಂಡಿಯಲ್ಲಿ ಧಡ್ ಎನ್ನುತ್ತಿತ್ತು. ಒಮ್ಮೆ ಕಾಕು, "ಹಾಂ, ಇಷ್ಟ ಇರ್ಲಿ ನೋಡ್ರಿ," ಎಂದರು. ಕಾಕಾ ಪಂಪು ಕೆಳಗಿಟ್ಟು, ಅಲ್ಲೇ ರಸ್ತೆಯ ಬದಿಯಲ್ಲಿ ಕೂತುಬಿಟ್ಟರು.

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಪಶ್ಚಿಮ, ಪೂರ್ವ ಎರಡೂ ಒಂದೇ ದಿನ ಆಗಬೇಕೆಂದು ಕಾಕುವಿನ ಹಟ. ಮರುದಿನದ ಮಳೆ ಬೇರೆ ಮಳೆಯಂತೆ. ಪೌಡ ದಾಟಿದ ಮೇಲೆ ಮಳೆ ಗೋಡೆ ಕಟ್ಟಿದ ಹಾಗೆ ಸುರಿಯುತ್ತಿತ್ತು. ಗದ್ದೆಗಳಲ್ಲಿ ಭತ್ತದ ಸಸಿ ನೆಡುತ್ತಿದ್ದರು. ಕಾಕು ಕಿಟಕಿಯ ಗಾಜಿಗೆ ಹಣೆ ಹಚ್ಚಿ ಮಲಗಿದ್ದರು. ಅಲ್ಲಿಂದ ಹೊರಳಿ ಊರು ಹಾಯ್ದು ಪೂರ್ವಕ್ಕೆ ಶಿರೂರಿನ ರಸ್ತೆ ಹಿಡಿದೆವು. ಕೋಥರೂಡದಲ್ಲಿ ಜಿಟಿಜಿಟಿ. ವಾಘೋಲಿಯಲ್ಲಿ ಮೋಡವಷ್ಟೇ. ಮಳೆ ನಿಂತಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಮತ್ತೆ ನಾಲ್ಕು ಹನಿ ಬೀಳುತ್ತಿದ್ದವು. ಪ್ರತಿ ಸಲ ಕಾಕು ಕೈಯಿಂದ ಗೋಡೆ ತಟ್ಟುತ್ತಿದ್ದರು, ಕಾಕಾ ನಿಧಾನ ಮಾಡುತ್ತಿದ್ದರು. ಶಿಕ್ರಾಪುರದ ಆಚೆ ಗಾಲಿಗಳ ಹಿಂದೆ ಧೂಳು ಎದ್ದಿತು. ಸಜ್ಜೆಯ ಹೊಲ, ಬಿಳಿಚಿದ ಆಕಾಶ. ಕಾಕು ಇಳಿಸಿ ಎಂದರು. ನಾವಿಬ್ಬರೂ ಹಿಡಿದು ಇಳಿಸಿದೆವು. ಹಿಂದಿನ ಬಾಗಿಲು ಹಿಡಿದು, ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತು ಅವರು ಬಂದ ದಾರಿಯನ್ನು ನೋಡಿದರು. ದೂರದಲ್ಲಿ ಪಶ್ಚಿಮ ಕಪ್ಪಾಗಿತ್ತು.

"ಇಷ್ಟ್ ವರ್ಷ ಹುಡುಗ್ಯಾರಿಗೆ ಗೆರಿ ಎಳದು ತೋರ್ಸೀನಿ ತಂಗಿ," ಎಂದರು. "ಇಲ್ಲಿ ನೋಡಿದ್ರ ಗೆರೀನ ಇಲ್ಲ."

ಹೇಳಿ ನಕ್ಕರು. ತಾವು ಕಲಿಸಿದ್ದು ಅಷ್ಟು ಸರಿಯಲ್ಲ ಎಂದು ತಿಳಿದು ಅಷ್ಟೊಂದು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಮನೆಗೆ ಬಂದ ಮೇಲೆ ಬೆನ್ನು ನೋಯಿತು, ಆದರೆ ಎರಡು ದಿನದಲ್ಲಿ ಇಳಿಯಿತು. ಮೂರನೆಯ ದಿನ, ಪಂಢರಪುರದ ಬಳಿ ಭೀಮಾ ನದಿ ಹೇಗೆ ಬಾಗುತ್ತದೆ ನೋಡಬೇಕು ಎಂದರು.

ಅದನ್ನೂ ನೋಡಿದರು. ಇನ್ನೂ ಕೆಲವು ವರ್ಷ ಆ ಗಾಡಿ ಅವರನ್ನು ಎಲ್ಲೆಲ್ಲಿಗೋ ಕರೆದೊಯ್ಯಿತು. ನಾವು ವಾಕಡಕ್ಕೆ ಮನೆ ಬದಲಿಸಿದ ಮೇಲೆ ನಾನು ಜೊತೆಗೆ ಹೋಗುವುದು ಅಪರೂಪವಾಯಿತು. ಹೋಗಿಬಂದದ್ದನ್ನು ಕಾಕು ಫೋನಿನಲ್ಲಿ ಹೇಳುತ್ತಿದ್ದರು. ಒಂದು ಚಳಿಗಾಲ ಕೆಮ್ಮು ಎದೆಗಿಳಿಯಿತು. ಆಸ್ಪತ್ರೆಯಲ್ಲಿ ನನ್ನನ್ನು ಕಂಡಾಗ, ಮಾತಾಡಲು ಉಸಿರಿಲ್ಲದಿದ್ದರೂ, ದಾರಿಯಲ್ಲಿ ಏನು ಕಂಡೆ ಎಂದು ಕಣ್ಣಲ್ಲೇ ಕೇಳಿದರು. ಮುಳಾ ನದಿಯ ಮೇಲೆ ಎದ್ದಿದ್ದ ಮಂಜಿನ ಬಗ್ಗೆ ಹೇಳಿದೆ. ಅದೇ ಕೊನೆ...

ಗಾಡಿಯನ್ನು ಶಿರೂರಿನ ಈರುಳ್ಳಿ ವ್ಯಾಪಾರಿ ಕೊಂಡ. ಕೋಣೆ ಕಳಚಿ, ಗಾಳಿಚೀಲ ತೆಗೆಸಿ, ದಪ್ಪ ಪಟ್ಟಿಗಳನ್ನು ಹಾಕಿಸಿದನಂತೆ. ಬೆಳಗಾವಿಯ ತಮ್ಮನ ಮನೆಗೆ ಹೊರಡುವ ಮುಂಚೆ ಕಾಕಾ ಅದನ್ನು ನನಗೆ ಹೇಳಿದರು. ಬೇಸರವಾಯಿತೇ ಎಂದು ಕೇಳಿದೆ.

"ಇಲ್ಲವ್ವಾ," ಎಂದರು. "ಅವಂಗ ಅದ ಸರಿ. ಉಳ್ಳಾಗಡ್ಡಿಗೆ ಬೆನ್ನು ನೋಯೂದಿಲ್ಲಲ್ಲ."

ಈಗ ಕಾಕಾನೂ ಇಲ್ಲ. ಹೋದ ಜುಲೈನಲ್ಲಿ ಆಫೀಸಿನ ಕೆಲಸಕ್ಕೆ ಶಿರೂರಿಗೆ ಹೋಗಿದ್ದೆ. ಮಳೆ ಎಲ್ಲಿ ನಿಲ್ಲುತ್ತದೆಂದು ನೋಡುತ್ತಲೇ ಕೂತಿದ್ದೆ. ಈ ಸಲ ಅದು ನಿಲ್ಲಲೇ ಇಲ್ಲ. ಶಿರೂರಿನ ಬಜಾರಿನಲ್ಲಿ ಪಾದ ಮುಳುಗುವಷ್ಟು ನೀರು. ಯಾಕಿರಬಹುದು? ಎಲ್ಲೆಲ್ಲಿ ಜೋರಿತ್ತು, ಎಲ್ಲಿ ಸಣ್ಣಗಾಯಿತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಎಲ್ಲವನ್ನೂ ಗಮನವಿಟ್ಟು ನೋಡಿಕೊಂಡು ಬಂದೆ. ಮನೆಗೆ ಬಂದು ಚಹಾ ಮಾಡಿಕೊಂಡು ಕೂತಾಗ, ಹೇಳಬೇಕಾದದ್ದೆಲ್ಲ ಕ್ರಮವಾಗಿ ತಲೆಯಲ್ಲಿತ್ತು. ಕೇಳುವವರು ಇರಲಿಲ್ಲ.